ಮೊಮ್ಮಗಳಿಗೊಂದು ಬಾಲವಾಡಿ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಟಿಳಕವಾಡಿಯ ಕಂಬ, ಕಾಂಪೌಂಡುಗಳ ಮೇಲೆಲ್ಲ ಬಾಲವಾಡಿಗಳ ಫಲಕ ಏರುತ್ತವೆ. ಮೊದಲ ರೈಲ್ವೆ ಗೇಟಿನಿಂದ ಮೂರನೆಯ ಗೇಟಿನವರೆಗೆ ನಡೆದು ಬನ್ನಿ. ‘ಆಟದಿಂದ ಪಾಠ’ ಎಂದು ಬರೆಯದ ಫಲಕ ಸಿಗುವುದು ಕಷ್ಟ. ಮೂರೂವರೆ ವರ್ಷದ ಮೊಮ್ಮಗಳಿಗೆ ಇದರಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಮಗ, ಸೊಸೆ ಇಬ್ಬರೂ ನೌಕರಿಗೆ ಹೋಗುವವರು. ನನಗೆ ಪೆನ್ಶನ್ ಇದೆ, ಹೊತ್ತೂ ಇದೆ.

ಮನೆಯಲ್ಲಿ ಎರಡು ಪಕ್ಷ. “ಬರೇ ಆಡಾಕ ರೊಕ್ಕ ಯಾಕ ಕೊಡಬೇಕಪ್ಪಾ? ಅಂಗಳದಾಗ ಪುಕ್ಕಟೆ ಆಡ್ತಾಳಲ್ಲ” ಎಂಬುದು ಮಗನ ವಾದ. ಸೊಸೆಯ ಅಕ್ಕನ ಮಗ ಮೂರು ವರ್ಷಕ್ಕೇ ದಿನಕ್ಕೆರಡು ಪುಟ ಬರೆದವನು. ಈಗ ಎರಡನೆಯ ಇಯತ್ತೆಯಲ್ಲಿದ್ದಾನೆ, ನೋಟ್‌ಬುಕ್ ತೆಗೆ ಎಂದರೆ ಹೊಟ್ಟೆನೋವು ಅನ್ನುತ್ತಾನೆ. “ನನ್ನ ಮಗಳಿಗೆ ಹಂಗ ಆಗಬಾರ್ದ್ರಿ ಮಾವಾರ” ಎಂದಳು ಸೊಸೆ. ಇಬ್ಬರ ಮಾತೂ ತಲೆಯಲ್ಲಿಟ್ಟುಕೊಂಡು ಹೊರಟೆ.

ನಾನು ನೋಡಿದ ಮೊದಲನೆಯದರಲ್ಲಿ ಆಟವೆಲ್ಲ ಗೋಡೆಯ ಚಿತ್ರದಲ್ಲೇ ಉಳಿದಿತ್ತು. ಮಕ್ಕಳು ಸಾಲಾಗಿ ಕುಳಿತು ಚುಕ್ಕಿಗಳ ಮೇಲೆ ಗೆರೆ ಎಳೆಯುತ್ತಿದ್ದರು. ಅಲ್ಲಿಯ ಟೀಚರ್ ಹೆಮ್ಮೆಯಿಂದ ನೋಟ್‌ಬುಕ್ಕುಗಳ ರಾಶಿ ತೋರಿಸಿದರು. ನನ್ನ ಕಣ್ಣು ಹೋದದ್ದು ಒಂದು ಹುಡುಗನ ಕೈಯ ಮೇಲೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಬರೆಯುತ್ತಿದ್ದ. ಪಾಪ, ಅವನು ಇನ್ನೇನು ಮಾಡಿಯಾನು? ನಮ್ಮ ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಹುಟ್ಟಿದಾಗ ಅವೆಲ್ಲ ಮೆತ್ತಗಿನ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಕೊನೆಯದು ಗಟ್ಟಿಯಾಗಲು ಎಂಟು-ಹತ್ತು ವರ್ಷವೇ ಬೇಕು. ಬೆರಳಿಗೆ ಬಲ ಬರುವುದು ಹಿಂಡಿದರೆ, ಕಿವುಚಿದರೆ, ಪೋಣಿಸಿದರೆ.

ಇದಕ್ಕೆ ನಮ್ಮ ಸೀಮೆಯಲ್ಲಿ ಮಣ್ಣಿಗಿಂತ ಒಳ್ಳೆಯ ಸಾಮಾನು ಬೇರೆ ಇಲ್ಲ. ಪಕ್ಕದ ಖಾನಾಪುರದ ಮಣ್ಣು ಗಡಿಗೆಗೆ, ಹಂಚಿಗೆ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಅಜ್ಜ-ಅಜ್ಜಿಯರಿಗೆ ನೆನಪಿರಬೇಕು: ಮಣ್ಣೆತ್ತಿನ ಅಮವಾಸ್ಯೆಗೆ ನಾವು ಮಾಡುತ್ತಿದ್ದ ಎತ್ತುಗಳು ಮೊದಮೊದಲು ನಾಯಿಯಂತೆ ಕಾಣುತ್ತಿದ್ದವು. ನಾಲ್ಕು ಕಾಲು ಸಮ ಮಾಡಿ ನಿಲ್ಲಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಬರವಣಿಗೆಯ ಮೊದಲ ಪಾಠ ಅದೇ ಆಗಿತ್ತು, ಹಾಗಂತ ಯಾರೂ ಹೇಳುತ್ತಿರಲಿಲ್ಲ, ಅಷ್ಟೇ.

ಎರಡನೆಯ ಬಾಲವಾಡಿಯಲ್ಲಿ ಇದಕ್ಕೆ ಉಲ್ಟಾ. ಪ್ಲಾಸ್ಟಿಕ್ ಆಟಿಕೆಗಳ ಗುಡ್ಡ, ಮೂಲೆಯಲ್ಲಿ ಹಾಡು ಹೇಳುವ ಟಿವಿ. ಇಬ್ಬರು ಹುಡುಗರು ಒಂದೇ ಲಾರಿಗೆ ಜಗಳಾಡುತ್ತಿದ್ದರು; ಒಬ್ಬಳು ಹುಡುಗಿ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದಳು. ನಾನಿದ್ದ ಮುಕ್ಕಾಲು ತಾಸಿನಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ಮಗ ಹೇಳಿದ್ದು ಇಂಥದಕ್ಕೇ ಇರಬೇಕು; ಇದಕ್ಕಾದರೆ ನಮ್ಮ ಅಂಗಳವೇ ವಾಸಿ.

ಮಕ್ಕಳೇ, ಎಲ್‌ಕೆಜಿಯ ‘ಕೆಜಿ’ ಎಂದರೇನು ಗೊತ್ತೇ? ತೂಕದ ಕೆಜಿ ಅಲ್ಲ! ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಕರು 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟರು. ಹಾಗೆಂದರೆ ಮಕ್ಕಳ ತೋಟ. ಅಲ್ಲಿ ಆಟಕ್ಕೂ ಒಂದು ಕ್ರಮವಿತ್ತು. ಮೊದಲು ನೂಲಿನ ಮೆತ್ತನೆಯ ಚೆಂಡು, ಆಮೇಲೆ ಕಟ್ಟಿಗೆಯ ಗುಂಡು, ಘನ. ಹೀಗೆ ಒಂದಾದ ಮೇಲೊಂದು ಮಗುವಿನ ಕೈಗೆ ಬರುತ್ತಿತ್ತು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತದ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಂದಿಗೆ ಕೆಲಸ ಮಾಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಆದಿವಾಸಿಗಳ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಕಡ್ಡಿ, ಕಲ್ಲು, ಎಲೆ, ಬೀಜ ಇವೇ ಪಾಠದ ಸಾಮಾನು. ಇವತ್ತು ನಿಮ್ಮ ಓಣಿಯಲ್ಲಿರುವ ‘ಅಂಗನವಾಡಿ’ಯ ಹೆಸರಿನಲ್ಲಿ ಆ ಅಂಗಳ ಇನ್ನೂ ಇದೆ.

ಮೂರನೆಯದು ಹಳೆಯ ಹಂಚಿನ ಮನೆ, ಹಿತ್ತಲಲ್ಲಿ ಮಾವಿನ ಮರ, ಅದರಾಚೆ ರೈಲು ಹಳಿ. ನಾನು ಹೋದಾಗ ಮಕ್ಕಳು ದುಂಡಗೆ ಕುಳಿತು ಕತೆ ಕೇಳುತ್ತಿದ್ದರು. ನಡುವೆ ಗೂಡ್ಸ್ ಗಾಡಿಯ ಸದ್ದು. ಟೀಚರ್ ಕತೆ ನಿಲ್ಲಿಸಿ, “ಓಡ್ರಿ, ಡಬ್ಬಿ ಎಣಸ್ರಿ!” ಎಂದರು. ಎಲ್ಲರೂ ಕಿಟಕಿಗೆ. ಹತ್ತರ ತನಕ ಒಂದೇ ದನಿ. ಆಮೇಲೆ ಒಬ್ಬ ಹನ್ನೆರಡರಿಂದ ಇಪ್ಪತ್ತಕ್ಕೆ ಜಿಗಿದ, ಇನ್ನೊಬ್ಬಳು ಹನ್ನೊಂದನ್ನೇ ಮೂರು ಸಲ ಹೇಳಿದಳು. ಟೀಚರ್ ಯಾರನ್ನೂ ತಿದ್ದಲಿಲ್ಲ. ಗಾಡಿ ಹೋದ ಮೇಲೆ ಖಾಲಿ ಕಡ್ಡಿಪೆಟ್ಟಿಗೆಗಳ ಬುಟ್ಟಿ ತಂದು ನೆಲಕ್ಕಿಟ್ಟು, “ಈಗ ನಿಮ್ಮ ಗಾಡಿ ಮಾಡ್ರಿ, ಹನ್ನೆರಡು ಡಬ್ಬಿ ಇರ್ಲಿ” ಎಂದರು. ಇಪ್ಪತ್ತಕ್ಕೆ ಜಿಗಿದ ಹುಡುಗ ಈ ಸಲ ಒಂದೊಂದನ್ನೂ ಬೆರಳಿಂದ ಮುಟ್ಟಿ ಎಣಿಸಿದ.

ನಾನು ಹುಡುಕುತ್ತಿದ್ದದ್ದು ಇದನ್ನೇ. ಆಟ ಮಕ್ಕಳದು, ಅದರೊಳಗಿನ ಲೆಕ್ಕ ಟೀಚರದು.

ಆದರೂ ಕೇಳುವುದನ್ನು ಕೇಳಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ. ಕತೆ-ಹಾಡು ಕಾಲು ತಾಸು, ಎಣಿಕೆ ಅಥವಾ ಅಕ್ಷರದ ಆಟ ಕಾಲು ತಾಸು, ಬಾಕಿ ಹೊತ್ತು ಮಣ್ಣು, ನೀರು, ಮರ. ಡಬ್ಬಿ ಊಟವೂ ಒಂದು ಪಾಠವೇ, ಮುಚ್ಚಳ ತಾವೇ ತೆಗೆಯಬೇಕು. 26 ಮಕ್ಕಳಿಗೆ ಇಬ್ಬರು ಟೀಚರು, ಒಬ್ಬರು ಆಯಾ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಬೇಕೆಂದು ಕೇಂದ್ರ ಸರಕಾರದ 2013ರ ನೀತಿ ಹೇಳುತ್ತದೆ. ಬರವಣಿಗೆ ಯಾವಾಗ ಎಂದೆ. “ಐದು ತುಂಬಲಿ ಅಜ್ಜಾರ. ಅಲ್ಲೀತನಕ ಉಸುಕಿನಾಗ ಬೆರಳಿಂದ ಬರೀತಾರ.” ಶೌಚಾಲಯವನ್ನೂ ನೋಡಿದೆ. ನೀವೂ ನೋಡಿ, ನಾಚಿಕೊಳ್ಳಬೇಡಿ.

ಮನೆಯಲ್ಲಿ ಮಗನಿಗೆ ಹೇಳಿದ್ದು ಎರಡೇ ಮಾತು. ಒಂದು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಎಣಿಸಿ, ಅದರ ನಡುವೆ ಆಟವನ್ನು ಇಟ್ಟಿದೆ. ಇನ್ನೊಂದು, ಒಂದನೆಯ ಇಯತ್ತೆಗೆ ಆರು ವರ್ಷ ತುಂಬಿರಬೇಕು ಎಂದು ನಮ್ಮ ರಾಜ್ಯ ಸರಕಾರ 2022ರಲ್ಲೇ ಆದೇಶ ಹೊರಡಿಸಿದೆ. ಇನ್ನೂ ಎರಡು ವರ್ಷಕ್ಕೂ ಮಿಕ್ಕಿ ಸಮಯವಿದೆ, ಓಡಿ ಎಲ್ಲಿಗೆ ಹೋಗುವುದು? ಫೀ ಹೊರೆಯಾಗುವವರಿಗೆ ಇನ್ನೊಂದು ಮಾತು: ಹತ್ತಿರದ ಅಂಗನವಾಡಿಯನ್ನು ನೋಡದೆ ಬಿಡಬೇಡಿ. ಅಲ್ಲಿ ‘ಚಿಲಿಪಿಲಿ’ ಎಂಬ ಆಟಪಾಠದ ಪುಸ್ತಕವಿದೆ. ಕಾರ್ಯಕರ್ತೆ ಹುರುಪಿನವರಾಗಿದ್ದರೆ ಸಾವಿರಾರು ರೂಪಾಯಿಯ ಶಾಲೆಗೆ ಅದೇನೂ ಕಡಿಮೆಯಲ್ಲ.

ಮಗ ಒಪ್ಪಿದ, ಆದರೆ ಕರಾರಿನ ಮೇಲೆ: “ದೀಪಾವಳಿ ತನಕ ನೋಡೂಣು.”

ದೀಪಾವಳಿ ಆಗಿ ಮೂರು ವಾರವಾಯಿತು. ಎಬಿಸಿಡಿ ಅವಳಿಗೆ ಇನ್ನೂ ಪೂರ್ತಿ ಬರುವುದಿಲ್ಲ. ಚಪ್ಪಲಿ ತಾನೇ ಹಾಕಿಕೊಳ್ಳುತ್ತಾಳೆ. ಪಕ್ಕದ ಮನೆಯ ಗೆಳತಿಯೊಂದಿಗೆ ಮರಾಠಿಯಲ್ಲಿ ಜಗಳಾಡಿ ಕನ್ನಡದಲ್ಲಿ ನನಗೆ ದೂರು ಹೇಳುತ್ತಾಳೆ. ಊಟಕ್ಕೆ ಎಷ್ಟು ತಾಟು ಎಂದರೆ ಎಲ್ಲರ ಹೆಸರು ಹೇಳುತ್ತ ಐದು ತಾಟು ಎಣಿಸಿ ಇಡುತ್ತಾಳೆ. ಮೊನ್ನೆ ಊರಿಂದ ಬೀಗರು ಬಂದಿದ್ದಾಗ, ಯಾರೂ ಹೇಳದೆ ಏಳು ಇಟ್ಟಳು. ಮಗ ಒಂದು ಗಳಿಗೆ ತಾಟುಗಳನ್ನೇ ನೋಡಿದ, ಆಮೇಲೆ, “ಎಬಿಸಿಡಿ ಯಾವಾಗ ಬರ್ತಾವಂತ?” ಎಂದು ಕೇಳಿದ.