ಬಿಟ್ಟ ಬಸ್ಸಿಗೆ ಮೈನಸ್ ಡಿಲೇ

ರಾಯಚೂರಿನಿಂದ ಮಾನ್ವಿ, ದೇವದುರ್ಗಕ್ಕೆ ಹೋಗೋ ಬಸ್ಸುಗಳನ್ನು ಚುಕ್ಕಿ ಮಾಡಿ ನಕ್ಷೆ ಮೇಲೆ ಓಡಿಸೋ ವೆಬ್‌ಪೇಜ್ ಮಾಡ್ತೀರಿ ಅನ್ಕೊಳ್ರಿ. ಪೇಜ್ ತೆರೆದ ಕೂಡಲೇ ಎರಡೂ ಚುಕ್ಕಿ ರಾಯಚೂರಿಂದಲೇ ಹೊರಡ್ತಾವೆ. ಆದ್ರೆ ಮಾನ್ವಿ ಬಸ್ ಬಿಟ್ಟು ಆಗಲೇ 15 ನಿಮಿಷ! ಚುಕ್ಕಿ ನಂಬಿ ಬಸ್ ಸ್ಟ್ಯಾಂಡಿಗೆ ಓಡಿದವರ ಗತಿ?

ಸಿಎಸ್‌ಎಸ್‌ನ 'ಆನಿಮೇಷನ್-ಡಿಲೇ' ಮೈನಸ್ ಕೂಡ ಆಗಬಹುದು. ಪ್ರಯಾಣ 60 ನಿಮಿಷ ಅಂತ ಹಿಡಿದು ಡ್ಯುರೇಷನ್ 3600 ಸೆಕೆಂಡ್, ಡಿಲೇ -900 ಸೆಕೆಂಡ್ ಕೊಡ್ರಿ. ಚುಕ್ಕಿ ಕಾಲು ದಾರಿಯಿಂದಲೇ ಶುರುವಾಗ್ತದೆ. ಟೈಮಿಂಗ್ 'ಲೀನಿಯರ್' ಇರಲಿ. ಏನೂ ಬರೆಯದಿದ್ರೆ ಬರೋದು 'ಈಸ್'. ಶುರು, ಕೊನೆ ಎರಡೇ ಕೀಫ್ರೇಮ್ ಇದ್ರೆ ಅದು ಅದೇ ಹೊತ್ತಿಗೆ ಚುಕ್ಕಿಯನ್ನು ಸುಮಾರು ಶೇ. 40 ದಾರಿ ದಾಟಿಸಿಬಿಡ್ತದೆ.

ದೇವದುರ್ಗ ಬಸ್ಸಿಗೆ ಇನ್ನೂ 10 ನಿಮಿಷ ಇದೆಯಾ? ಡಿಲೇ 600 ಸೆಕೆಂಡ್. ಫಿಲ್-ಮೋಡ್ 'ಬೋತ್' ಹಾಕಿದ್ರೆ ಚುಕ್ಕಿ ಹೊರಡೋತನಕ ಮೊದಲ ಕೀಫ್ರೇಮ್‌ನಲ್ಲಿ, ಮುಟ್ಟಿದ ಮೇಲೆ ಕೊನೆಯದರಲ್ಲಿ ನಿಲ್ತದೆ.

ಈ ಅಂಕಿಗಳನ್ನ ಕೈಯಿಂದ ಬರೀಬೇಡ್ರಿ. ಪೇಜ್ ತೆರೆದಾಗ ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಲೆಕ್ಕ: ಬಸ್ ಬಿಡೋ ಟೈಮಿನಿಂದ ಈಗಿನ ಟೈಮ್ ಕಳೀರಿ, ಅದೇ ಡಿಲೇ. ಬಿಟ್ಟ ಬಸ್ಸಿಗೆ ಮೈನಸ್ ತಾನೇ ಬರ್ತದೆ.

ಬಸ್ ಟೈಮಿಗೆ ಸರಿಯಾಗಿ ಬಿಡೋದು ಮಾತ್ರ ಸಿಎಸ್‌ಎಸ್ ಕೈಯಲ್ಲಿಲ್ಲ!