ಎರಡನೆಯ ಪರದೆ

ನಮ್ಮ ಮನೆಗೆ ಇನ್ನೊಂದು ಮಾನಿಟರ್ ಬೇಕು ಎಂದು ಮೊದಲು ರಾಗ ತೆಗೆದವನು ಮಗರಾಯ. ಬೇಕೇ ಬೇಕು ಎಂದು ತೀರ್ಮಾನಿಸಿದವನು ನಾನು. ಅವನ ಕಾರಣ ಆಟ, ನನ್ನ ಕಾರಣ ಹೆದರಿಕೆ.

ಹೆದರಿಕೆಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 2023ರ ಅಕ್ಟೋಬರಿನ ಒಂದು ರಾತ್ರಿ, ಆನ್-ಕಾಲ್ ಸರದಿ ನನ್ನದು. ಬೇಸ್‌ಮೆಂಟಿನ ಮೇಜಿನ ಮೇಲೆ ಇದ್ದದ್ದು ಒಂದೇ ಒಂದು 24 ಇಂಚಿನ ಹಳೆಯ ಮಾನಿಟರ್. ಲ್ಯಾಪ್‌ಟಾಪಿನ ಅಕ್ಷರ ನನ್ನ ವಯಸ್ಸಿನ ಕಣ್ಣಿಗೆ ಇರುವೆ ಸಾಲು; ಹಾಗಾಗಿ ಅದನ್ನು ಮುಚ್ಚಿ ಈ ಮಾನಿಟರಿಗೆ ಜೋಡಿಸಿಕೊಳ್ಳುವುದು ರೂಢಿ. ಆ ಒಂದೇ ಪರದೆಯಲ್ಲಿ ರೋಗಿಯ ನೋಟ್ಸ್, ಲ್ಯಾಬ್ ವರದಿ, ಔಷಧಿ ಪಟ್ಟಿ, ಎಲ್ಲ ಒಂದರ ಮೇಲೊಂದು ಕಿಟಕಿ. ನರ್ಸ್ ಫೋನ್ ಮಾಡಿ ಇಬ್ಬರು ರೋಗಿಗಳ ವಿಷಯ ಕೇಳಿದರು. ಒಬ್ಬರ ಪೊಟ್ಯಾಸಿಯಂ 3.1, ಇನ್ನೊಬ್ಬರದು 5.8. ಕಡಿಮೆ ಇದ್ದವರಿಗೆ ಪೊಟ್ಯಾಸಿಯಂ ಕೊಡಬೇಕು. ಹೆಚ್ಚಿದ್ದವರಿಗೆ ಕೊಟ್ಟರೆ ಹೃದಯದ ಲಯವೇ ತಪ್ಪಬಹುದು. ನಾನು ಹಿಂದಿನ ಕಿಟಕಿಯ ಅಂಕಿ ನೋಡಿ ಮುಂದಿನ ಕಿಟಕಿಯ ಹೆಸರಿಗೆ ಆರ್ಡರ್ ಹೇಳಿಬಿಟ್ಟೆ. ಆಕೆ ನಿಯಮದಂತೆ ಹೆಸರು, ಹುಟ್ಟಿದ ತಾರೀಖು ಸಮೇತ ಅದನ್ನು ತಿರುಗಿ ಓದಿ, "ಡಾಕ್ಟರ್, ಇವರದು 5.8 ಅಲ್ಲವೇ?" ಎಂದರು. ಅಲ್ಲಿಗೆ ಮುಗಿಯಿತು, ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಬೆಳಗಿನ ಜಾವದವರೆಗೂ ನಿದ್ದೆ ಹತ್ತಲಿಲ್ಲ.

ಪರದೆಯನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಎಂದು ಗೊತ್ತು. ಆದರೂ ಮಾರನೆಯ ದಿನ ಊಟಕ್ಕೆ ಕುಳಿತಾಗ, "ಆ ಮಾನಿಟರ್ ವಿಷಯ ಏನೋ ಹೇಳ್ತಿದ್ದೆಯಲ್ಲ, ಹೇಳಪ್ಪ" ಎಂದೆ. ಹೈಸ್ಕೂಲಿನ ಹುಡುಗ ಅನ್ನ ಕಲಸುತ್ತಲೇ, "27 ಇಂಚು, 1440, 144 ಹರ್ಟ್ಸ್" ಎಂದ, ಲ್ಯಾಬ್ ವರದಿ ಓದಿದ ಹಾಗೆ. ಅವನು ತಾನೇ ಜೋಡಿಸಿಕೊಂಡ ಆಟದ ಕಂಪ್ಯೂಟರ್ ಅದೇ ಮೇಜಿನ ಕೆಳಗಿದೆ. ಅಂದರೆ ಒಂದು ಮೇಜು, ಇಬ್ಬರು ಯಜಮಾನರು.

ಈ ಹರ್ಟ್ಸ್ ಎಂದರೆ ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎಂಬ ಲೆಕ್ಕ. 60 ಆದರೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ, 144 ಆದರೆ 7 ಮಿಲಿಸೆಕೆಂಡಿಗೊಮ್ಮೆ. ಓಡುವ ಶತ್ರುವಿಗೆ ಗುರಿಯಿಡುವವನಿಗೆ ಅದು ಮುಖ್ಯ. ನನ್ನ ರೋಗಿಗಳ ಚಾರ್ಟು ಎಲ್ಲಿಗೂ ಓಡುವುದಿಲ್ಲ. ನನಗೆ ಬೇಕಾದ್ದು ಅಕ್ಷರ ಸ್ಫುಟವಾಗಿ ಕಾಣುವುದು. ಅದಕ್ಕೆ ನೋಡಬೇಕಾದ ಅಂಕಿ ಬೇರೆ, ಇಂಚಿಗೆ ಎಷ್ಟು ಚುಕ್ಕಿ ಎಂಬುದು. ಇಲ್ಲೊಂದು ಮೋಸವಿದೆ. 1920 ಅಡ್ಡ, 1080 ಉದ್ದದ ಪರದೆ 24 ಇಂಚಿನದಾದರೆ ಇಂಚಿಗೆ 92 ಚುಕ್ಕಿ. ಅಷ್ಟೇ ಚುಕ್ಕಿಗಳನ್ನು 27 ಇಂಚಿಗೆ ಎಳೆದರೆ 82. ದೊಡ್ಡದು ಕೊಂಡೆ ಎಂದು ಬೀಗುತ್ತೀರಿ, ಅಕ್ಷರ ಮಾತ್ರ ಮೊದಲಿಗಿಂತ ಒರಟು! ಇಂಗ್ಲಿಷಿಗೆ ಹೇಗೋ ನಡೆಯುತ್ತದೆ. ನಮ್ಮ ಕನ್ನಡಕ್ಕೆ ಅಕ್ಷರದ ಕೆಳಗೆ ಒತ್ತು, ಅದರ ಕೆಳಗೂ ಒತ್ತು. "ಸ್ತ್ರೀ", "ರಾಷ್ಟ್ರ" ಎಂದು ಬೆರಳಚ್ಚಿಸಿ ನೋಡಿ, ಒರಟು ಪರದೆಯಲ್ಲಿ ಒತ್ತುಗಳೆಲ್ಲ ಸೇರಿ ಜೇಡರ ಬಲೆ. 27 ಇಂಚಿನಲ್ಲಿ 2560 ಅಡ್ಡ, 1440 ಉದ್ದ ಆದರೆ 109 ಚುಕ್ಕಿ. 4ಕೆ ಆದರೆ 163, ಅಚ್ಚು ಹಾಕಿದ ಪುಸ್ತಕದ ಹಾಗೆ ಕಾಣುತ್ತದೆ. ನನ್ನ ಆಸೆ 4ಕೆ ಕಡೆಗೇ ಇತ್ತು. ಆದರೆ ಅದರಲ್ಲಿ ಚುಕ್ಕಿಗಳು 1440ರ ಎರಡೂಕಾಲು ಪಟ್ಟು. ಅಷ್ಟನ್ನು ಬಿಡಿಸಲು ಹೋದರೆ ಅವನ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. 1440ಕ್ಕೆ ರಾಜಿಯಾಯಿತು.

ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನ ಅಂಗಡಿಗೆ ಹೋದೆವು. ಅಲ್ಲಿ ಎಲ್ಲ ಪರದೆಗಳಲ್ಲೂ ಗಿಳಿ, ಹೂವು, ಜಲಪಾತ. ಒಂದರಲ್ಲೂ ಒಂದು ಅಕ್ಷರವಿಲ್ಲ. ಕೆಲಸದವನನ್ನು ಪುಸಲಾಯಿಸಿ ಒಂದು ಕನ್ನಡ ಪತ್ರಿಕೆ ತೆರೆಸಿದೆ. ಅವನು ಅದನ್ನು ಚಿತ್ರವೆಂದೇ ತಿಳಿದ. ಮಗನ ಕಣ್ಣು ಓಲೆಡ್ ಪರದೆಯ ಮೇಲೆ ಬಿತ್ತು. ಕಪ್ಪು ಎಂದರೆ ಕಾಡಿಗೆ ಕಪ್ಪು, ಸುಳ್ಳಲ್ಲ. ಆದರೆ ದಿನವಿಡೀ ಅಲುಗದೆ ಕೂರುವ ಪಟ್ಟಿ, ಗುಂಡಿಗಳ ನೆರಳು ಅದರ ಮೇಲೆ ಕ್ರಮೇಣ ಶಾಶ್ವತವಾಗಿ ಅಚ್ಚೊತ್ತಬಹುದು, ನನ್ನ ಚಾರ್ಟಿನಂಥ ಕೆಲಸಕ್ಕೆ ಅದು ಹೊಂದುವುದಿಲ್ಲ. ಐಪಿಎಸ್ ಜಾತಿಯದನ್ನು ಆರಿಸಿದೆವು. ಎರಡು ಪರದೆ ಇಟ್ಟ ಮೇಲೆ ಒಂದನ್ನಾದರೂ ಓರೆಯಿಂದ ನೋಡಲೇಬೇಕು. ಓರೆಯಿಂದ ನೋಡಿದರೂ ಇದರ ಬಣ್ಣ ಅಷ್ಟಾಗಿ ಕೆಡುವುದಿಲ್ಲ.

ಮಗ ಲೆಕ್ಕಕ್ಕೇ ಇಡದ ಒಂದು ಸಂಗತಿಗೆ ನಾನು ಪಟ್ಟು ಹಿಡಿದೆ, ಏರಿಳಿಸಬಹುದಾದ ಸ್ಟ್ಯಾಂಡ್. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಎಂಬುದು ಸಾಮಾನ್ಯ ಸಲಹೆ. ನನ್ನಂತೆ ಪ್ರೋಗ್ರೆಸಿವ್ ಕನ್ನಡಕದವರಿಗೆ ಅದು ತಪ್ಪು. ನಮ್ಮ ಕನ್ನಡಕದಲ್ಲಿ ಹತ್ತಿರದ್ದನ್ನು ಓದುವ ಭಾಗ ಕೆಳಗಡೆ. ಹಾಗಾಗಿ ಗೊತ್ತಿಲ್ಲದೆಯೇ ಗಲ್ಲ ಎತ್ತಿ, ಕತ್ತು ಹಿಂದೆ ಬಾಗಿಸಿ ಓದುತ್ತೇವೆ. ಹೀಗೆ ದಿನಕ್ಕೆ ನಾಲ್ಕೈದು ಗಂಟೆ ಕುಳಿತರೆ ಕತ್ತು ಕೇಳದೆ ಬಿಡುತ್ತದೆಯೇ? ಪರದೆಯನ್ನು ಇನ್ನಷ್ಟು ಕೆಳಗಿಳಿಸಿ ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಅದಕ್ಕಿಂತ ಉತ್ತಮ, ಪರದೆಯ ದೂರ ಅಳೆದುಕೊಂಡು ಹೋಗಿ, ಅಷ್ಟೇ ದೂರಕ್ಕೆ ಬೇರೆ ಕನ್ನಡಕ ಮಾಡಿಸಿಕೊಳ್ಳುವುದು. ಕೈ ಚಾಚಿದಷ್ಟು ದೂರ ಇದ್ದರೆ ಸರಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಸುರಿಯಬೇಡಿ. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವಂತೆ ಕಾಣುವುದಿಲ್ಲ ಎಂದು 2023ರ ಕಾಕ್ರೇನ್ ವಿಮರ್ಶೆ ಹೇಳಿದೆ.

ಇಷ್ಟೆಲ್ಲ ತಿಳಿದ ಪಂಡಿತನೇ ಮನೆಗೆ ಬಂದು ಎರಡು ಮಾನಿಟರುಗಳ ಸಂದು ಮೂಗಿನ ನೇರಕ್ಕೆ ಬರುವಂತೆ ಇಟ್ಟ. ನೋಡಲು ಲಕ್ಷಣವಾಗಿತ್ತು. ಆದರೆ ನಾನು ಮುಕ್ಕಾಲು ಹೊತ್ತು ನೋಡುವುದು ಹೊಸದನ್ನೇ. ವಾರದೊಳಗೆ ಕತ್ತಿನ ಎಡಭಾಗ ಹಿಡಿದುಕೊಂಡಿತು. "ಏನ್ರೀ, ಊರಿಗೆಲ್ಲ ಕತ್ತಿನ ಉಪದೇಶ ಮಾಡ್ತೀರಿ, ನಿಮ್ಮದನ್ನ ಯಾರು ನೋಡ್ತಾರೆ?" ಎಂದು ನನ್ನಾಕೆ ಅಮೃತಾಂಜನ ತಂದಳು. ಈಗ ಹೊಸದು ನೇರಕ್ಕೆ, ಹಳೆಯದು ಪಕ್ಕಕ್ಕೆ ಓರೆಯಾಗಿ ಇದೆ.

ಮಗರಾಯನ ಕಥೆ ಇನ್ನೂ ಸ್ವಾರಸ್ಯ. "ಎಷ್ಟು ಸ್ಮೂತ್ ಆಗಿದೆ ನೋಡು ಅಪ್ಪಾ!" ಎಂದು ಮೂರು ವಾರ ಸ್ನೇಹಿತರನ್ನೆಲ್ಲ ಕರೆದು ತೋರಿಸಿದ. ಒಂದು ಭಾನುವಾರ ಅಕ್ಷರದ ಗಾತ್ರ ಬದಲಿಸಲು ಸೆಟ್ಟಿಂಗ್ಸಿಗೆ ಹೋದರೆ ಅಲ್ಲಿ 60 ಹರ್ಟ್ಸ್ ಎಂದೇ ಇದೆ! 144ರ ಮಾನಿಟರ್ ಕೊಂಡ ಮಾತ್ರಕ್ಕೆ ಅದು 144ರಲ್ಲಿ ಓಡುವುದಿಲ್ಲ. ವಿಂಡೋಸ್ ಎಷ್ಟೋ ಸಲ 60ಕ್ಕೇ ಇಟ್ಟಿರುತ್ತದೆ, ನಾವೇ ಬದಲಿಸಬೇಕು. ಜೊತೆಗೆ ಡಬ್ಬದಲ್ಲಿದ್ದ ಡಿಸ್‌ಪ್ಲೇಪೋರ್ಟ್ ತಂತಿ ಬಿಟ್ಟು ಡ್ರಾಯರಿನಲ್ಲಿದ್ದ ಹಳೆಯ ಎಚ್‌ಡಿಎಂಐ ತಂತಿ ಸಿಕ್ಕಿಸಿದ್ದ. ತಂತಿ ಬದಲಾಯಿತು, ಅಂಕಿ ಬದಲಾಯಿತು. ಆ ಮೂರು ವಾರದ ಬಗ್ಗೆ ನಮ್ಮ ಮನೆಯಲ್ಲಿ ಮಾತಾಡುವಂತಿಲ್ಲ.

ಹೊಸ ಮಾನಿಟರಿನ ಬೆನ್ನಲ್ಲಿ ಎರಡು ಬಾಗಿಲಿವೆ. ಯುಎಸ್‌ಬಿ-ಸಿ ತಂತಿ ಆಸ್ಪತ್ರೆಯ ಲ್ಯಾಪ್‌ಟಾಪಿಗೆ, ಡಿಸ್‌ಪ್ಲೇಪೋರ್ಟ್ ಅವನ ಕಂಪ್ಯೂಟರಿಗೆ. ಗುಂಡಿ ಒತ್ತಿದರೆ ಯಜಮಾನ ಬದಲು. ರೋಗಿಗಳ ವಿವರ ಮನೆಯವರ ಕಣ್ಣಿಗೂ ಬೀಳುವಂತಿಲ್ಲವಾದ್ದರಿಂದ, ಅವನ ಹೊತ್ತಿನಲ್ಲಿ ಲ್ಯಾಪ್‌ಟಾಪ್ ನನ್ನ ಬ್ಯಾಗಿನೊಳಗೆ.

ಎರಡು ಪರದೆಯ ಅಪಾಯವೂ ಇದೆ, ಎಡಕ್ಕೊಬ್ಬ ರೋಗಿ, ಬಲಕ್ಕೊಬ್ಬ ರೋಗಿ ಎಂದು ಮತ್ತೆ ಅದೇ ಹಳ್ಳಕ್ಕೆ ಬೀಳಬಹುದು. ಅದಕ್ಕೇ ಒಂದು ಹಟ ಇಟ್ಟುಕೊಂಡಿದ್ದೇನೆ. ಹಳೆಯದರಲ್ಲಿ ಲ್ಯಾಬ್, ಹೊಸದರಲ್ಲಿ ನೋಟ್ಸ್, ಎರಡರಲ್ಲೂ ಒಬ್ಬರೇ. ಆರ್ಡರ್ ಹೇಳುವ ಮೊದಲು ಎರಡೂ ಕಡೆಯ ಹೆಸರನ್ನು ಬಾಯಿಬಿಟ್ಟು ಓದುತ್ತೇನೆ. ಮೆಟ್ಟಿಲ ಮೇಲಿಂದ ಕೇಳಿಸಿಕೊಂಡವರಿಗೆ ಹುಚ್ಚು ಅನ್ನಿಸಬಾರದು ಎಂದು ಬಾಗಿಲು ಹಾಕಿಕೊಂಡೇ.

ಸರದಿ ಇಲ್ಲದ ದಿನ ಒಂಬತ್ತು ಗಂಟೆಗೆ ಆ ಬಾಗಿಲು ತಟ್ಟುವ ಸದ್ದು. "ಅಪ್ಪಾ, ಆಯ್ತಾ ನಿಂದು?" ನನಗಿಂತ ನಾಲ್ಕು ಇಂಚು ಎತ್ತರ ಬೆಳೆದಿದ್ದಾನೆ. ಪರದೆಯನ್ನು ಅಷ್ಟು ಮೇಲೆತ್ತಿ, ಬ್ಯಾಗು ಹೆಗಲಿಗೇರಿಸಿ ಎದ್ದೇಳುತ್ತೇನೆ.