ಹಳೆಯ ಏರಿಯ ಎಚ್ಚರಿಕೆ

ಕೆರೆಯ ದಂಡೆಯಲ್ಲಿ ವಿಹರಿಸುವವರು ನೀರಿನ ಚೆಲುವನ್ನು ನೋಡಿ ಸಂತೋಷಪಡುವರೇ ಹೊರತು, ಆ ನೀರನ್ನು ತಡೆದು ನಿಂತಿರುವ ಏರಿಯ ಸ್ಥಿತಿಯನ್ನು ವಿಚಾರಿಸುವವರು ವಿರಳ. ಈ ಅಲಕ್ಷ್ಯದಿಂದ ಎಂಥ ಅನರ್ಥವು ಸಂಭವಿಸಬಹುದೆಂಬದನ್ನು ಒಂದು ಕ್ರೈಸ್ತ ವಿದ್ಯಾಲಯದ ದೃಷ್ಟಾಂತದಿಂದಲೇ ನಮ್ಮ ವಿದ್ಯಾರ್ಥಿನಿಯರಿಗೆ ವಿವರಿಸಲಿಚ್ಛಿಸುತ್ತೇನೆ.

ಅಮೇರಿಕಾ ದೇಶದ ಜಾರ್ಜಿಯಾ ಸಂಸ್ಥಾನದಲ್ಲಿ ಟೊಕೋವಾ ಎಂಬ ಜಲಪಾತವುಂಟು. ಅದರ ಎತ್ತರವು 186 ಅಡಿ. ಅದರ ಕೆಳಗಡೆ ಒಂದು ಬೈಬಲ್ ಕಾಲೇಜು. ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಎಂಬ ಏರಿಯ ಹಿಂದೆ ಒಂದು ಚಿಕ್ಕ ಕೆರೆಯಿತ್ತು. 1899ರ ಸುಮಾರಿಗೆ ಕಟ್ಟಿದ್ದ ಕಲ್ಲಿನ ಅಡ್ಡಗಟ್ಟೆಯ ಮೇಲೆ, ವಿದ್ಯುಚ್ಛಕ್ತಿಗಾಗಿ 1937ರ ತರುವಾಯ ಮಣ್ಣು ಹಾಕಿ ಏರಿಯನ್ನು ಎತ್ತರಿಸಲಾಯಿತು. 1957ರಲ್ಲಿ ವಿದ್ಯುತ್ತಿನ ಉತ್ಪಾದನೆಯು ನಿಂತು, ಕೆರೆಯು ವಿಹಾರಕ್ಕೆ ಮಾತ್ರ ಉಳಿಯಿತು. ಆದರೆ ಏರಿಗೆ ವಿಶ್ರಾಂತಿಯಿರಲಿಲ್ಲ; ಅದು ಹಗಲಿರುಳು ನೀರಿನ ಭಾರವನ್ನು ಹೊರುತ್ತಲೇ ಇತ್ತು.

ಮಣ್ಣಿನ ಏರಿಯು ಹೇಗೆ ಕೆಡುವದು? ಅದರ ಮೇಲೆ ಬೆಳೆದ ಮರಗಳು ಸತ್ತರೆ ಬೇರುಗಳು ಕೊಳೆತು, ನೀರಿಗೆ ದಾರಿಯಾಗುವದು. ಏರಿಯ ಬುಡದಲ್ಲಿ ಒಸರುವ ನೀರು ಕದಡಿದ್ದರೆ, ಅದು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆಯೆಂದು ತಿಳಿಯಬೇಕು. ಹೀಗೆ ಸಣ್ಣ ರಂಧ್ರವು ಸುರಂಗವಾಗುವದು. ಹೊರ ಇಳಿಜಾರು ಕಡಿದಾಗಿದ್ದರೆ ನೆನೆದ ಮಣ್ಣು ಜಾರುವದು. ಕೋಡಿ ಮುಚ್ಚಿಕೊಂಡರಂತೂ ನೀರು ಏರಿಯ ಮೇಲೆಯೇ ಹರಿದು ಅದನ್ನು ಕೊರೆಯುವದು.

ಕೆಲ್ಲಿ ಬಾರ್ನ್ಸ್ ಏರಿಯ ಎತ್ತರವು 38 ಅಡಿ. ಅದರ ಮೇಲೆ ಮರಗಳು ಬೆಳೆದಿದ್ದವು. ಹೊರಮುಖವು ಬಹಳ ಕಡಿದಾಗಿತ್ತು. ಆ ಮುಖವು ಒಂದೆಡೆ ಕುಸಿದಿದ್ದುದು 1973ರ ಭಾವಚಿತ್ರದಲ್ಲಿ ಕಾಣುತ್ತದೆ. ಆದರೂ ತಕ್ಕ ದುರಸ್ತಿಯಾಗಲಿಲ್ಲ. 1977ನೆಯ ನವೆಂಬರಿನಲ್ಲಿ ಕೆಲವು ದಿನ ಎಡೆಬಿಡದೆ ಮಳೆ ಸುರಿಯಿತು. 6ನೆಯ ತಾರೀಖು ರಾತ್ರಿ ಸುಮಾರು ಒಂದೂವರೆ ಗಂಟೆಗೆ, ಹೆಚ್ಚಿನವರು ನಿದ್ರಿಸುತ್ತಿದ್ದಾಗ, ಏರಿಯು ಒಡೆಯಿತು. ಪ್ರವಾಹವು ಕಾಲೇಜಿನ ವಾಸಸ್ಥಳಗಳ ಮೇಲೆ ನುಗ್ಗಿ 39 ಜನರನ್ನು ಬಲಿತೆಗೆದುಕೊಂಡಿತು. ಅವರಲ್ಲಿ ಅನೇಕರು ಮಕ್ಕಳು.

ಪರೀಕ್ಷಿಸಿದ ಇಂಜಿನಿಯರರು ಇಂಥದೊಂದೇ ಕಾರಣವೆಂದು ನಿಶ್ಚಯಿಸಲಾರದೆ, ನೆನೆದ ಇಳಿಜಾರಿನ ಕುಸಿತವನ್ನೂ ಒಸರನ್ನೂ ಮುಖ್ಯವಾಗಿ ಸೂಚಿಸಿದರು. ಆಗ ಅಧ್ಯಕ್ಷರಾಗಿದ್ದ ಕಾರ್ಟರರು, ಕೆಳಗೆ ಜನವಸತಿಯಿರುವಂಥ ಖಾಸಗಿ ಮತ್ತಿತರ ಅಣೆಕಟ್ಟುಗಳ ತಪಾಸಣೆಗೆ ಆಜ್ಞೆಮಾಡಿದರು. 1981ರೊಳಗೆ ನೋಡಲಾದ ಸುಮಾರು 8,800 ಕಟ್ಟೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಅಭದ್ರವೆಂದು ಕಂಡುಬಂತು. ಕೆಲ್ಲಿ ಬಾರ್ನ್ಸ್ ಏರಿಯನ್ನು ಮತ್ತೆ ಕಟ್ಟಲಿಲ್ಲ.

ನಮ್ಮ ನಾಡಿನ ಕೆರೆಗಳ ಏರಿಗಳೂ ಬಹುಮಟ್ಟಿಗೆ ಮಣ್ಣಿನವೇ. ಪ್ರಿಯ ವಿದ್ಯಾರ್ಥಿನಿಯರೇ, ಇನ್ನು ಮುಂದೆ ವಿಹಾರಕ್ಕೆ ಹೋದಾಗ ನೀರಿನ ಕಡೆಗೆ ಮಾತ್ರವಲ್ಲ, ಏರಿಯ ಹಿಂಬದಿಗೂ ಕಣ್ಣುಹಾಯಿಸಿರಿ. ಕದಡಿದ ಒಸರನ್ನಾಗಲಿ, ಹೊಸ ಕುಸಿತವನ್ನಾಗಲಿ, ಮುಚ್ಚಿದ ಕೋಡಿಯನ್ನಾಗಲಿ ಕಂಡರೆ, ಅದು ನಮ್ಮ ಕೆಲಸವಲ್ಲವೆಂದು ಸುಮ್ಮನಾಗದೆ, ಅಂದೇ ಊರಿನ ಹಿರಿಯರಿಗೂ ಅಧಿಕಾರಿಗಳಿಗೂ ತಿಳಿಸಿರಿ. ಏರಿಯ ಕೆಳಗೆ ಮಲಗುವವರ ಪ್ರಾಣವು ಅಷ್ಟರಿಂದ ಉಳಿಯಬಹುದು.